ಎರಡನೇ ರಿಂಗ್

ಸುಟ್ಟ ಗಾಯವನ್ನು ಯಾರಿಗೂ ಹೇಳಬಾರದು ಎಂದು ವಾಸು ಕಲಿತದ್ದು ತನ್ನ ಹದಿನಾಲ್ಕನೇ ವಯಸ್ಸಿನಲ್ಲಿ, ವಾಶಿಯ ಒಂದು ಉಡುಪಿ ಹೋಟೆಲಿನ ದೋಸೆ ಕಾವಲಿಯ ಎದುರು. ಬೆಳಗಿನ ಎಂಟು ಗಂಟೆಯ ಹೊತ್ತು. ಹೊರಗೆ ಆಫೀಸಿಗೆ ಹೊರಟವರ ಸಾಲು, ಒಳಗೆ ಆರ್ಡರಿನ ಕೂಗು. ಅಂಗೈ ಕಾವಲಿಗೆ ತಾಗಿ ಚರ್ಮ ಅಲ್ಲೇ ಅಂಟಿಕೊಂಡಿತು. ಅವನು ಬಾಯಿ ತೆರೆಯುವ ಮೊದಲೇ ದೊಡ್ಡ ಅಡುಗೆಯವ ಭುಜಂಗಣ್ಣ ಅವನ ಮಣಿಕಟ್ಟು ಹಿಡಿದು, ಒಂದು ಬೋಗುಣಿಗೆ ತಣ್ಣನೆಯ ಉದ್ದಿನ ಹಿಟ್ಟು ಸುರಿದು ಕೈಯನ್ನು ಅದರಲ್ಲಿ ಮುಳುಗಿಸಿದ.

"ಕೂಗ್ಲಿಕ್ಕಿಲ್ಲ" ಎಂದ ಭುಜಂಗಣ್ಣ, ಮೆಲ್ಲಗೆ. "ಹೊರಗೆ ಕೂತವನಿಗೆ ದೋಸೆ ಬೇಕು. ನಿನ್ನ ಕೈ ಕಟ್ಟಿಕೊಂಡು ಅವನಿಗೆ ಎಂತ ಆಗ್ಬೇಕು?"

ಐದು ನಿಮಿಷದ ಮೇಲೆ ವಾಸು ಎಡಗೈಯಲ್ಲಿ ದೋಸೆ ಮಗುಚುತ್ತಿದ್ದ. ಆ ಅಡುಗೆಮನೆಯಲ್ಲಿ ಎಲ್ಲರ ಮೊಣಕೈ ಕೆಳಗೂ ಇಂಥ ಕಲೆಗಳಿದ್ದವು. ಹಿಟ್ಟು ಮೆತ್ತಿಕೊಂಡು ಸುಮ್ಮನೆ ನಿಂತವನೇ ಗಟ್ಟಿ ಆಳು. ವಾಸು ಗಟ್ಟಿ ಆಳಾದ. ರಾತ್ರಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ, ದೋಸೆ ಮಾಸ್ಟರಾದ, ಹರಿಣಾಕ್ಷಿಯನ್ನು ಮದುವೆಯಾಗಿ ಡೊಂಬಿವಲಿಯಲ್ಲಿ ಒಂದು ಕೋಣೆ-ಅಡುಗೆಮನೆಯ ಸಂಸಾರ ಹೂಡಿದ, ನಿಶ್ಮಿತಾಳ ತಂದೆಯಾದ. ಭುಜಂಗಣ್ಣನ ಹಿಂದೆಯೇ ಸಾನಪಾಡಾದ ಹೋಟೆಲಿಗೆ ಬಂದು ಇಪ್ಪತ್ತೆರಡು ವರ್ಷ ಅಲ್ಲೇ ನಿಂತ. ಮೊದಲ ಲೋಕಲ್ ಹಿಡಿಯುವ ತಾಪತ್ರಯ ಬೇಡವೆಂದು ವಾರದ ಐದು ದಿನ ಹೋಟೆಲಿನ ಅಟ್ಟದಲ್ಲೇ ಮಲಗುತ್ತಿದ್ದ.

ಲಾಕ್‌ಡೌನ್ ಬಂದಾಗ ಆ ಅಟ್ಟದಲ್ಲಿ ಆರು ಜನ ಸಿಕ್ಕಿಬಿದ್ದರು. ಲೋಕಲ್ ನಿಂತಿತು. ಟ್ಯಾಂಕರು ಎರಡು ದಿನಕ್ಕೊಮ್ಮೆ ಬಂದರೆ ಬಂತು. ಒಂದು ವಾರ ಕರೆಂಟೂ ಕೈಕೊಟ್ಟಿತು. ಅಂಥದರಲ್ಲಿ ಭುಜಂಗಣ್ಣನಿಗೆ ಜ್ವರ. ಕೇಳಿದರೆ, "ಎಂತ ಇಲ್ಲ ಮಾರಾಯ, ಕಾವಲಿಯ ಬಿಸಿ ಮೈಯಿಂದ ಇಳೀಲಿಲ್ಲ" ಎನ್ನುತ್ತಿದ್ದ. ಆರನೇ ದಿನ ಅವನಿಗೆ ಉಸಿರು ಎಳೆಯಲು ಆಗಲಿಲ್ಲ. ಆಂಬ್ಯುಲೆನ್ಸ್ ಬಂದು ಕರೆದುಕೊಂಡು ಹೋಯಿತು. ಮತ್ತೆ ಅವನ ಮುಖ ನೋಡುವುದಕ್ಕೂ ಸಿಗಲಿಲ್ಲ.

ಆ ಸಾವಿನಿಂದ ವಾಸು ಕಲಿತ ಪಾಠ ಒಂದೇ. ಒಂದು ವೈರು, ಒಂದು ಪೈಪು, ಒಂದು ಹಳಿ: ಈ ಮೂರು ನಿಂತರೆ ಮುಂಬಯಿಯ ಮನುಷ್ಯ ಹಲ್ಲಿಯ ಕಡಿದ ಬಾಲದ ಹಾಗೆ ಒದ್ದಾಡುತ್ತಾನೆ. ಇವುಗಳ ಹಂಗಿಲ್ಲದೆ ಬದುಕುವುದನ್ನು ಕಲಿಯಬೇಕು. ಸಾನಪಾಡಾದ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಿ ಹೋಟೆಲು ಮುಚ್ಚಿದಾಗ, ಕೈಗೆ ಬಂದದ್ದನ್ನೆಲ್ಲ ಹಾಕಿ ಟಿಟ್ವಾಳಾದ ಆಚೆ ಒಂದು ತುಂಡು ಜಾಗ ಹಿಡಿದ. ಸ್ಟೇಷನ್ನಿನಿಂದ ಮುಕ್ಕಾಲು ಗಂಟೆ ಶೇರ್ ರಿಕ್ಷಾ, ಅಲ್ಲಿಂದ ಹಳ್ಳದಂಥ ಒಂದು ತೋಡನ್ನು ಸಣ್ಣ ಸೇತುವೆಯ ಮೇಲೆ ದಾಟಿ ಇಪ್ಪತ್ತು ನಿಮಿಷ ನಡಿಗೆ. ತಗಡಿನ ಮಾಡಿನ ಒಂದು ಕೋಣೆ, ಒಂದು ಬಾವಿ, ಮಾಡಿನ ನೀರು ಹಿಡಿಯಲು ಎರಡು ನೀಲಿ ಡ್ರಮ್ಮು, ಎರಡು ಬಲ್ಬು ಉರಿಸುವಷ್ಟು ಸೋಲಾರು.

"ಅಲ್ಲಿ ಹೋಗಿ ಎಂತ ಮಾಡ್ತೀರಿ?" ಎಂದು ಹರಿಣಾಕ್ಷಿ ಕೇಳಿದಳು. ಸೀರೆಗೆ ಫಾಲ್ ಹಚ್ಚುವ ಕೆಲಸ ಅವಳದು. ಸೂಜಿ ನಿಲ್ಲಿಸದೆಯೇ ಕೇಳಿದಳು.

"ಬದುಕುದು."

"ಇಲ್ಲಿ ಎಂತ ಮಾಡ್ತಾ ಇದ್ದೇವೆ, ಸಾಯ್ತಾ ಇದ್ದೇವಾ?"

"ಪಪ್ಪಾ ಕಾ ಯೂಟ್ಯೂಬ್ ಬಂದ್ ಕರೋ ಪೆಹಲೇ" ಎಂದು ನಿಶ್ಮಿತಾ ಒಳಗಿನಿಂದ ಕೂಗಿದಳು, ಮೊದಲು ಪಪ್ಪನ ಯೂಟ್ಯೂಬ್ ನಿಲ್ಲಿಸಿ ಎಂದು. ಐರೋಲಿಯಲ್ಲಿ ಕೆಲಸ ಮಾಡುವ ಆ ಹುಡುಗಿಗೆ ಮನೆಮಾತು ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲೇ. ಅವಳು ಹೇಳಿದ್ದು ಸುಳ್ಳಲ್ಲ. ಕಾಡಿನಲ್ಲಿ ಒಬ್ಬನೇ ಮನೆ ಕಟ್ಟಿಕೊಂಡ ಒಬ್ಬ ಗಡ್ಡದವನ ವಿಡಿಯೋಗಳನ್ನು ವಾಸು ದಿನಾ ನೋಡುತ್ತಿದ್ದ. ತಣ್ಣೀರಿನಲ್ಲಿ ಮೀಯಿರಿ, ಮೌನ ಅಭ್ಯಾಸ ಮಾಡಿ, ನಿಮ್ಮ ಕಷ್ಟವನ್ನು ಯಾರಿಗೂ ಹೇಳಬೇಡಿ, ಮನಸ್ಸು ಕಬ್ಬಿಣವಾಗುತ್ತದೆ ಎಂದು ಆ ಮನುಷ್ಯ ಹೇಳುತ್ತಿದ್ದ. ವಾಸುವಿಗೆ ಅದು ಭುಜಂಗಣ್ಣನೇ ಹಿಂದಿಯಲ್ಲಿ ಮಾತಾಡಿದ ಹಾಗೆ ಕೇಳಿಸುತ್ತಿತ್ತು.

ಕೊನೆಗೆ ಹರಿಣಾಕ್ಷಿಯೇ ಷರತ್ತು ಹಾಕಿದಳು. "ಒಂದು ಮಳೆಗಾಲ ನೀವೊಬ್ರೇ ಇದ್ದು ತೋರಿಸಿ. ಜೂನ್ ಒಂದರಿಂದ ಚೌತಿವರೆಗೆ. ಇದ್ರೆ ನಾನೂ ಬರ್ತೇನೆ, ಸೂಜಿದಾರ ಸಮೇತ. ದಿನಾ ಸಾಯಂಕಾಲ ಆರೂವರೆಗೆ ಒಂದು ಮಿಸ್ಡ್ ಕಾಲ್ ಕೊಡ್ಬೇಕು. ಒಂದು ರಿಂಗ್ ಅಂದ್ರೆ ಸರಿ ಇದ್ದೀರಿ. ಎರಡು ರಿಂಗ್ ಕೊಟ್ರೆ ನಾನು ಬಂದು ಕರ್ಕೊಂಡು ಬರ್ತೇನೆ. ಮತ್ತೆ ಆ ಜಾಗದ ಸುದ್ದಿ ಎತ್ಲಿಕ್ಕಿಲ್ಲ. ಯಾರಿಗಾದ್ರೂ ಕೊಟ್ಟು ಕೈತೊಳಕೊಳ್ಳುದು."

"ಎರಡು ರಿಂಗ್ ಬರ್ಲಿಕ್ಕಿಲ್ಲ" ಎಂದ ವಾಸು.

ಮೊದಲ ವಾರದಲ್ಲೇ ಅವನನ್ನು ಸೋಲಿಸಿದ್ದು ಒಂದು ಲೋಟ ಅಕ್ಕಿ. ಮೂವತ್ತೆಂಟು ವರ್ಷ ನೂರಾರು ಜನರಿಗೆ ಅಳೆದ ಕೈಗೆ ಒಬ್ಬನಿಗೆ ಅಳೆಯಲು ಬರಲಿಲ್ಲ. ಎಷ್ಟು ಕಡಿಮೆ ನೆನೆಹಾಕಿದೆ ಎಂದುಕೊಂಡರೂ ರುಬ್ಬಿದಾಗ ಹಿಟ್ಟು ಪಾತ್ರೆ ಮೀರಿ ಉಕ್ಕುತ್ತಿತ್ತು. ಮಿಕ್ಕದ್ದನ್ನು ದೋಸೆ ಮಾಡಿ ಎಲೆಯಲ್ಲಿ ಕಟ್ಟಿ, ಆಡು ಮೇಯಿಸಲು ಆ ಕಡೆ ಬರುತ್ತಿದ್ದ ಜಾನಾಬಾಯಿಗೆ ಕೊಡುತ್ತಿದ್ದ. ಅವಳು ಗುಡ್ಡದ ಹಿಂದಿನ ಪಾಡೆಯವಳು, ಆದಿವಾಸಿಗಳ ಸಣ್ಣ ಕೇರಿ ಅದು. ವಯಸ್ಸು ಅರುವತ್ತೋ ಎಪ್ಪತ್ತೋ, ಅವಳಿಗೂ ಗೊತ್ತಿರಲಿಲ್ಲ. ಅವಳ ಮರಾಠಿಗೂ ಇವನ ಹೋಟೆಲ್ ಹಿಂದಿಗೂ ಹೇಗೋ ಹೊಂದಿಕೆಯಾಯಿತು.

"ಡೊಂಬಿವಲಿಯಲ್ಲಿ ನಿನ್ನ ಮನೆಗೆ ಲೈಟ್ ಇದೆಯಾ?" ಎಂದು ಒಂದು ದಿನ ಕೇಳಿದಳು.

"ಇದೆ."

"ನಲ್ಲಿಯಲ್ಲಿ ನೀರು?"

"ಬರ್ತದೆ."

ಅವಳು ದೋಸೆ ಅಗಿಯುತ್ತ ಸೋಲಾರಿನ ಹಲಗೆಯನ್ನೂ ನೀಲಿ ಡ್ರಮ್ಮುಗಳನ್ನೂ ನೋಡಿದಳು. "ನಮ್ಮ ಪಾಡೆಯವರು ಲೈಟಿಗೆ ಅರ್ಜಿ ಕೊಟ್ಟು ಹನ್ನೆರಡು ವರ್ಷ ಆಯ್ತು. ನೀನು ಇದ್ದ ಲೈಟು ಬಿಟ್ಟು ಇಲ್ಲಿಗೆ ಬಂದೆ. ಹೆಂಡತಿ ಜಗಳ ಮಾಡಿ ಓಡಿಸಿದಳಾ?"

ಮನಸ್ಸು ಗಟ್ಟಿ ಮಾಡಲು ಬಂದಿದ್ದೇನೆ ಎಂದು ಹಿಂದಿಯಲ್ಲಿ ಹೇಗೆ ಹೇಳುವುದೆಂದು ವಾಸುವಿಗೆ ತಿಳಿಯಲಿಲ್ಲ. ಹೇಳಿದ್ದರೂ ಅವಳು ನಗುತ್ತಿದ್ದಳೋ ಏನೋ.

ನಿದ್ದೆಯೂ ಅಷ್ಟು ಸುಲಭವಾಗಿ ಬರಲಿಲ್ಲ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು, ಹಾರ್ಬರ್ ಲೈನಿನ ಗಾಡಿಗಳ ಸದ್ದು, ಪಕ್ಕದ ಹಾಸಿಗೆಯವನ ಗೊರಕೆ, ಇವುಗಳ ಮೇಲೆ ಅವನ ನಿದ್ದೆ ಸಿಂಬಿಯ ಮೇಲಿನ ಮಡಕೆಯಂತೆ ಕೂತಿತ್ತು. ಇಲ್ಲಿ ಮಳೆ ನಿಂತೊಡನೆ ಒಂದು ದೊಡ್ಡ ಮೌನ ತಗಡಿನ ಮೇಲೆ ಬಂದು ಕೂರುತ್ತಿತ್ತು. ಆ ಮೌನದಲ್ಲಿ ಸಾನಪಾಡಾದ ಅಟ್ಟದ ಮೂಲೆಯಿಂದ ಭುಜಂಗಣ್ಣನ ಉಸಿರಾಟ ಕೇಳಿಸುತ್ತಿತ್ತು. ಆಗ ವಾಸು ಎದ್ದು ಬಾವಿಯ ತಣ್ಣೀರನ್ನು ತಲೆಗೆ ಸುರಿದುಕೊಳ್ಳುತ್ತಿದ್ದ. ಅದನ್ನೂ ಅಭ್ಯಾಸದ ಲೆಕ್ಕಕ್ಕೆ ಸೇರಿಸಿಕೊಂಡ. ನೆಲ ಅಗೆದ, ಬಸಳೆ ಚಪ್ಪರ ಕಟ್ಟಿದ, ಬೆಂಡೆ ಹಾಕಿದ. ಸಾಯಂಕಾಲ ಆರೂವರೆಗೆ, ನೆಟ್‌ವರ್ಕ್ ಸಿಗುವ ಒಂದೇ ಜಾಗವಾದ ಗುಡ್ಡದ ಬಂಡೆ ಹತ್ತಿ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದ. ಎರಡು ನಿಮಿಷದಲ್ಲಿ ಆ ಕಡೆಯಿಂದಲೂ ಒಂದು ರಿಂಗ್ ಬರುತ್ತಿತ್ತು. ಒಮ್ಮೊಮ್ಮೆ ಅವಳ ದನಿ ಕೇಳಬೇಕೆನಿಸಿದರೆ ಫೋನನ್ನು ಜೇಬಿಗೆ ಹಾಕಿ ಬೇಗ ಬೇಗ ಇಳಿದುಬಿಡುತ್ತಿದ್ದ.

ಜುಲೈ ಹದಿನಾಲ್ಕರ ಬೆಳಿಗ್ಗೆ ಗಂಜಿ ಬಸಿಯುವಾಗ ಒಲೆಯ ಕಲ್ಲು ಜಾರಿತು. ಕುದಿಯುವ ತಿಳಿ ಅಷ್ಟೂ ಬಲಗಾಲಿನ ಪಾದದ ಮೇಲೆ ಬಿತ್ತು. ವಾಸು ಕೂಗಲಿಲ್ಲ. ಸುತ್ತ ಮೈಲಿಗಟ್ಟಲೆ ದೋಸೆಗೆ ಕಾದು ಕೂತವರು ಯಾರೂ ಇರಲಿಲ್ಲ, ಆದರೂ ಕೂಗಲಿಲ್ಲ. ಹಿಂದಿನ ದಿನ ರುಬ್ಬಿಟ್ಟ ಹಿಟ್ಟಿನ ಪಾತ್ರೆಯನ್ನು ಎಳೆದು, ಹುಳಿ ಬಂದ ಆ ಹಿಟ್ಟನ್ನು ಪಾದಕ್ಕೆ ದಪ್ಪಗೆ ಮೆತ್ತಿದ. ಬಟ್ಟೆ ಸುತ್ತಿದ. ಮಧ್ಯಾಹ್ನ ಕೆಸರಿನಲ್ಲಿ ನಿಂತು ಬೆಂಡೆಯ ಸಾಲಿಗೆ ಮಣ್ಣು ಏರಿಸಿದ. ಆರೂವರೆಗೆ ಕುಂಟುತ್ತ ಬಂಡೆ ಹತ್ತಿದ. ಒಂದು ರಿಂಗ್.

ಹಾಗೆ ಆರು ದಿನ. ದಿನಕ್ಕೊಮ್ಮೆ ಹೊಸ ಹಿಟ್ಟು. ಎರಡು ದಿನ ಉರಿದ ಪಾದ ಮೂರನೇ ದಿನದಿಂದ ಉರಿಯುವುದನ್ನು ನಿಲ್ಲಿಸಿತು. ಬೆರಳುಗಳ ಹತ್ತಿರ ಚರ್ಮ ಕಪ್ಪಾಗಿತ್ತು, ಮುಟ್ಟಿದರೆ ಏನೂ ತಿಳಿಯುತ್ತಿರಲಿಲ್ಲ. ವಾಸುವಿಗೆ ಒಳಗೊಳಗೆ ಹೆಮ್ಮೆಯಾಯಿತು. ಅಂತೂ ಅಭ್ಯಾಸ ಕೈಗೂಡಿತು. ನೋವೆಂಬುದನ್ನು ಮನಸ್ಸು ಹೊರಗೇ ನಿಲ್ಲಿಸಲು ಕಲಿತಿದೆ.

ಏಳನೇ ದಿನ ಜಾನಾಬಾಯಿ ಅಂಗಳಕ್ಕೆ ಬಂದವಳೇ ಮೂಗು ಎತ್ತಿದಳು. "ಏನೋ ಕೊಳೀತಿದೆ."

"ಹಿಟ್ಟು ಹುಳಿಯಾಗಿದೆ."

"ಹಿಟ್ಟಿನ ವಾಸನೆ ನನಗೆ ಗೊತ್ತು, ದಿನಾ ತಿಂತೀನಿ." ಅವಳು ಬಗ್ಗಿ ಅವನ ಕಾಲಿನ ಬಟ್ಟೆ ನೋಡಿದಳು. ನೆಟ್ಟಗೆ ನಿಂತು ತನ್ನ ಭಾಷೆಯಲ್ಲೇ ಬೈದಳು: "ತೋಂಡ್ ಕಶಾಲಾ ದಿಲಂಯ ದೇವಾನೆ?" ದೇವರು ಬಾಯಿ ಕೊಟ್ಟದ್ದು ಯಾಕೆ ಎಂದು. "ನನ್ನ ಮಗನಿಗೆ ಹಾವು ಕಚ್ಚಿದಾಗ ನಾನು ಕೂಗಿದ್ದು ಮೂರು ಪಾಡೆಗೆ ಕೇಳಿಸಿತು. ಹನ್ನೊಂದು ಜನ ಓಡಿ ಬಂದರು. ಅವನಿಗೆ ಈಗ ಎರಡು ಮಕ್ಕಳು. ನೀನು ಯಾರಿಗೆ ಹೇಳಿದೆ?"

"ನಾಳೆ ಟಿಟ್ವಾಳಾಕ್ಕೆ ಹೋಗಿ ತೋರಿಸ್ತೇನೆ" ಎಂದ ವಾಸು. ಹೋಗುವ ಯೋಚನೆ ಅವನಿಗೆ ಇರಲಿಲ್ಲ. ಡಾಕ್ಟರರ ಚೀಟಿ ಮನೆಗೆ ಗೊತ್ತಾಗುತ್ತದೆ. ಗೊತ್ತಾದರೆ ಅದು ಎರಡು ರಿಂಗ್ ಕೊಟ್ಟಂತೆಯೇ. ಚೌತಿಗೆ ಇನ್ನು ಆರು ವಾರವೂ ಇಲ್ಲ.

ಆ ಸಂಜೆಯಿಂದ ಮಳೆ ಹಿಡಿಯಿತು. ತೋಡು ಉಕ್ಕಿ ಸಣ್ಣ ಸೇತುವೆ ಮುಳುಗಿತು. ಮರುದಿನ ವಾಸು ಛತ್ರಿಯನ್ನು ಊರುಗೋಲು ಮಾಡಿಕೊಂಡು ಬಂಡೆಯವರೆಗೆ ಏರಿದರೆ ಫೋನಿನಲ್ಲಿ ಒಂದು ಕಡ್ಡಿ ನೆಟ್‌ವರ್ಕೂ ಇಲ್ಲ. ಎಲ್ಲೋ ಟವರು ಸತ್ತಿತ್ತು. ಅದರ ಮರುದಿನವೂ ಇಲ್ಲ. ಅಷ್ಟು ಹೊತ್ತಿಗೆ ಮೈ ಚಳಿ ಹಿಡಿದು ನಡುಗುತ್ತಿತ್ತು. "ಎಂತ ಇಲ್ಲ" ಎಂದು ಅವನು ಗಟ್ಟಿಯಾಗಿ ಹೇಳಿಕೊಂಡ. ಖಾಲಿ ಕೋಣೆಯಲ್ಲಿ ಆ ಮಾತು ಬೇರೆ ಯಾರದೋ ಬಾಯಿಂದ ಬಂದಂತೆ ಇತ್ತು. ಯಾರದೆಂದು ನೆನಪಿಸಿಕೊಳ್ಳಲು ಹೋಗಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಜಾನಾಬಾಯಿ ತಲೆಗೆ ಗೋಣಿ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತಳು. "ತೋಡಿನ ಆಚೆ ಒಬ್ಬಳು ಹೆಂಗಸು ನಿಂತಿದ್ದಾಳೆ. ನಿನ್ನ ಹೆಸರು ಹಿಡಿದು ಕೂಗ್ತಾ ಇದ್ದಾಳೆ."

ವಾಸು ಎದ್ದ. ಪ್ಯಾಂಟು ಹಾಕಿದ. ಕಾಲಿಗೆ ಹೊಸ ಬಟ್ಟೆ ಸುತ್ತಿ, ಗದ್ದೆಯ ರಬ್ಬರು ಬೂಟಿನೊಳಗೆ ತುರುಕಿದ. ತಲೆ ಬಾಚಿಕೊಂಡ. ದಾರಿಯುದ್ದಕ್ಕೂ ಜಾನಾಬಾಯಿ ಹಿಂದೆ ಗೊಣಗುತ್ತಲೇ ಬಂದಳು.

ನೀರು ಸಾನಪಾಡಾದ ಹೋಟೆಲಿನ ಹಾಲಿನಷ್ಟು ಅಗಲ ಇತ್ತು, ಚಹದ ಬಣ್ಣಕ್ಕಿತ್ತು. ಆಚೆ ದಡದಲ್ಲಿ ಹರಿಣಾಕ್ಷಿ, ಗಾಳಿಗೆ ತಿರುಚಿದ ಛತ್ರಿ, ತೋಳಿನಲ್ಲಿ ಚೀಲ. ಐವತ್ತೆರಡು ದಿನದ ಮೇಲೆ ಅವಳನ್ನು ನೋಡುತ್ತಿದ್ದ. ಸಣ್ಣಗಾಗಿದ್ದಾಳೆ ಅನಿಸಿತು.

"ಎರಡು ದಿನ ರಿಂಗ್ ಇಲ್ಲ" ಎಂದು ಅವಳು ಕೂಗಿದಳು.

"ಟವರು ಹೋಗಿತ್ತು. ನಾನು ಆರಾಮ ಇದ್ದೇನೆ."

"ಎಂತದು?"

"ಆರಾಮ. ನೀನು ಯಾಕೆ ಈ ಮಳೆಯಲ್ಲಿ..."

"ನಿಶ್ಮಿತಾಳಿಗೆ ಹೇಳದೆ ಬಂದದ್ದು." ಅವಳು ಛತ್ರಿ ಮಡಚಿದಳು, ಹೇಗೂ ಉಪಯೋಗವಿರಲಿಲ್ಲ. ಕಣ್ಣು ಕಿರಿದು ಮಾಡಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಸ್ವಲ್ಪ ನಡೀರಿ ನೋಡುವಾ."

"ಎಲ್ಲಿಗೆ?"

"ಆ ಹುಣಸೆ ಮರದವರೆಗೆ. ಹೋಗಿ ಬನ್ನಿ."

ಹದಿನೈದು ಹೆಜ್ಜೆಯ ದೂರ. ಹಲ್ಲು ಕಚ್ಚಿ ಹೋದರೆ ಹೋಗಿ ಬರಬಹುದು. ಮೂವತ್ತೆಂಟು ವರ್ಷ ಇದಕ್ಕಿಂತ ದೂರ ಹೋಗಿಲ್ಲವೇ? ವಾಸು ಬೆನ್ನು ನೆಟ್ಟಗೆ ಮಾಡಿ ಹೊರಟ. ಒಂದು, ಎರಡು, ಮೂರು. ಬೂಟಿನೊಳಗೆ ಏನೋ ಬೆಚ್ಚಗೆ ಜಾರಿತು. ಐದನೇ ಹೆಜ್ಜೆಗೆ ನೆಲ ಸ್ವಲ್ಪ ಬಲಕ್ಕೆ ವಾಲಿತು. ಆದರೂ ಮರ ಮುಟ್ಟಿದ, ತಿರುಗಿದ, ಅವಳಿಗೆ ಕಾಣುವ ಹಾಗೆ ನಕ್ಕ.

ಅವಳು ನಗಲಿಲ್ಲ. "ಬೂಟು ತೆಗೀರಿ" ಎಂದಳು.

"ಎಂತಕ್ಕೆ?"

"ಇಪ್ಪತ್ತಾರು ವರ್ಷ ನಿಮ್ಮ ಕೈಗೆ ಗಾಯ ಆದದ್ದು ನನಗೆ ಗೊತ್ತಾದದ್ದು ಹೇಗೆ? ನೀವು ಹೇಳಿ ಅಲ್ಲ. ಊಟಕ್ಕೆ ಕೂತಾಗ ನೋಡಿ. ಬೂಟು ತೆಗೀರಿ."

ವಾಸು ಮರದ ಬುಡದಲ್ಲಿ ಕೂತ. ಬೂಟು ಎಳೆದ. ಅದರ ಜೊತೆ ಬಟ್ಟೆಯೂ, ಬಟ್ಟೆಯ ಜೊತೆ ಇನ್ನೇನೋ ಬಂತು. ವಾಸನೆ ಮುಖಕ್ಕೆ ಬಡಿಯಿತು. ಆಗ ಅಟ್ಟ ಕಣ್ಣ ಮುಂದೆ ಬಂತು: ಮೂಲೆಯ ಹಾಸಿಗೆ, ಐದು ದಿನ "ಎಂತ ಇಲ್ಲ" ಎಂದ ಮನುಷ್ಯ. ಲೋಕಲ್ ನಿಂತದ್ದು ನಿಜ. ಕರೆಂಟು ಹೋದದ್ದೂ ನಿಜ. ಆದರೆ ಕೆಳಗಿನ ಮೆಡಿಕಲ್ ಅಂಗಡಿ ತೆರೆದೇ ಇತ್ತು, ಫೋನು ಎಲ್ಲರ ಕೈಯಲ್ಲೂ ಇತ್ತು. ಮೊದಲ ದಿನ ಭುಜಂಗಣ್ಣ ಒಂದು ಮಾತು ಹೇಳಿದ್ದರೆ? ಹೇಳದವನನ್ನು ಗಟ್ಟಿ ಆಳು ಎಂದು ಮೆಚ್ಚಿಕೊಂಡು ಪಕ್ಕದಲ್ಲೇ ಮಲಗಿದ್ದವನು ತಾನೇ ಅಲ್ಲವೇ?

ಆಚೆ ದಡದಿಂದ ಅವಳು ಏನೋ ಕೇಳುತ್ತಿದ್ದಳು. ಉತ್ತರ ಕೊಡಲು ಬಾಯಿ ತೆರೆದ. ದನಿ ಬರಲಿಲ್ಲ. ನಿಜಕ್ಕೂ ಕೂಗಬೇಕೆಂದು ಮನಸ್ಸಾದಾಗ ಕೂಗುವುದು ಹೇಗೆಂದೇ ಗಂಟಲಿಗೆ ಗೊತ್ತಿರಲಿಲ್ಲ.

ಕೂಗಿದವಳು ಜಾನಾಬಾಯಿ. ಎರಡೂ ಕೈ ಬಾಯಿಯ ಸುತ್ತ ಹಿಡಿದು, ಗುಡ್ಡದ ಕಡೆ ತಿರುಗಿ, ಒಂದೇ ಉಸಿರಿನಲ್ಲಿ ಎಳೆದ ಆ ಕೂಗು ಮಳೆಯನ್ನು ಸೀಳಿಕೊಂಡು ಹೋಯಿತು. ಸ್ವಲ್ಪ ಹೊತ್ತಿಗೆ ಪಾಡೆಯಿಂದ ಅದೇ ರೀತಿಯ ಕೂಗು ಮರಳಿ ಬಂತು. ಏಳು ಜನ ಬಂದರು. ಟ್ರ್ಯಾಕ್ಟರಿನ ಟ್ಯೂಬು, ಹಗ್ಗ, ಒಂದು ಬಾಗಿಲ ಹಲಗೆ. ಮಧ್ಯಾಹ್ನ ನೀರು ಸೊಂಟದ ಮಟ್ಟಕ್ಕೆ ಇಳಿದ ಮೇಲೆ ವಾಸುವನ್ನು ಆಚೆಗೆ ದಾಟಿಸಿದರು. ಹರಿಣಾಕ್ಷಿ ಅವನ ಕಾಲು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಟಿಟ್ವಾಳಾದಿಂದ ಕಲ್ಯಾಣದವರೆಗೆ ಗಾಡಿಯಲ್ಲಿ ಅವನ ತಲೆ ಅವಳ ತೊಡೆಯ ಮೇಲಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು ಶುಗರ್ ಎಷ್ಟು ವರ್ಷದಿಂದ ಎಂದು. ಶುಗರ್ ಇದೆಯೆಂದೇ ವಾಸುವಿಗೆ ಗೊತ್ತಿರಲಿಲ್ಲ. ನೋವು ನಿಂತದ್ದು ಅದರಿಂದ, ಕಾಲಿನ ನರ ಮಂದವಾಗಿದೆ ಎಂದು ಡಾಕ್ಟರ್ ಹೇಳಿದಾಗ ಅವನು ಗೋಡೆಯ ಕಡೆ ತಿರುಗಿಕೊಂಡ. ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು. ಇನ್ನೆರಡು ದಿನ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು.

ಹರಿಣಾಕ್ಷಿ ಜಾಗದ ಸುದ್ದಿ ಎತ್ತಲಿಲ್ಲ. ಒಂಬತ್ತನೇ ದಿನ ವಾಸುವೇ ಎತ್ತಿದ. ಅವಳು ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಿದ್ದಳು. ಆಮೇಲೆ ಶುಗರ್ ನೆನಪಾಗಿ ತಾನೇ ತಿನ್ನತೊಡಗಿದಳು.

"ನಾನು ಎರಡು ರಿಂಗ್ ಕೊಡ್ಲಿಲ್ಲ ಅಲ್ವಾ?" ಎಂದ.

"ಕೊಡ್ಲಿಲ್ಲ. ಎರಡು ಬೆರಳು ಕೊಟ್ರಿ, ಎರಡು ರಿಂಗ್ ಕೊಡ್ಲಿಲ್ಲ."

ಪಕ್ಕದ ಮಂಚದವನು ಕೆಮ್ಮಿದ. ವಾಸು ಹೊದಿಕೆಯ ಅಂಚು ಹಿಡಿದುಕೊಂಡ.

"ತಪ್ಪು ನಂದೂ ಉಂಟು" ಎಂದಳು ಅವಳು, ಹಣ್ಣು ನುಂಗಿದ ಮೇಲೆ. "ಎರಡು ರಿಂಗ್ ಕೊಟ್ರೆ ಜಾಗ ಹೋಗ್ತದೆ ಅಂತ ಹೇಳಿ ನಾನೇ ನಿಮ್ಮ ಬಾಯಿ ಹೊಲಿದದ್ದು. ಮೊದಲೇ ಹೊಲಿದ ಬಾಯಿ. ಈಗ ಕೇಳಿ. ಜಾಗ ಅಲ್ಲೇ ಇರ್ಲಿ. ಬೀಗದ ಕೈ ಜಾನಾಬಾಯಿ ಹತ್ರ ಕೊಟ್ಟು ಬಂದಿದ್ದೇನೆ. ಆದ್ರೆ ಎರಡು ರಿಂಗ್ ಕೊಡ್ಲಿಕ್ಕೆ ಬಾರದ ಮನುಷ್ಯನನ್ನು ನಾನು ಆ ತೋಡು ದಾಟ್ಲಿಕ್ಕೆ ಬಿಡುದಿಲ್ಲ. ನಾನೂ ಬರುದಿಲ್ಲ."

"ಅದೆಂತ ದೊಡ್ಡ ಕೆಲಸ?"

"ನೋಡುವಾ."

ಡೊಂಬಿವಲಿಗೆ ಬಂದು ಎರಡು ವಾರ. ವಾಸು ಕಿಟಕಿಯ ಪಕ್ಕದ ಮಂಚದಲ್ಲಿ ಕಾಲು ಎತ್ತಿಟ್ಟು ಕೂರುತ್ತಿದ್ದ. ಚೌತಿಗೆ ನಾಲ್ಕು ದಿನ ಇತ್ತು, ಗಲ್ಲಿಯಲ್ಲಿ ಮಂಟಪದ ಬಿದಿರು ಇಳಿಸುತ್ತಿದ್ದರು. ನಿಶ್ಮಿತಾ ಕೆಲಸಕ್ಕೆ ಹೋಗಿದ್ದಳು. ಸಂಜೆಯ ಹೊತ್ತಿಗೆ ಹರಿಣಾಕ್ಷಿ ಹಬ್ಬದ ಸೀರೆಗಳ ಕಟ್ಟು ಹಿಡಿದು, ಮೂರು ಗಲ್ಲಿ ಆಚೆಯ ಅಂಗಡಿಗೆ ಕೊಟ್ಟು ಬರುತ್ತೇನೆಂದು ಹೊರಟಳು. ಅವನ ಫೋನನ್ನು ಮಂಚದ ಮೇಲೆ, ಕೈಗೆಟಕುವ ಹಾಗೆ ಇಟ್ಟು ಹೋದಳು.

ನೀರು ಕುಡಿಯಲು ಎದ್ದಾಗ ಹೊಸ್ತಿಲಿಗೆ ಕಾಲು ತಾಗಿತು. ಅಷ್ಟೇನೂ ನೋವಾಗಲಿಲ್ಲ. ಮತ್ತೆ ಕೂತು ನೋಡಿದರೆ ಬಿಳಿ ಬ್ಯಾಂಡೇಜಿನ ತುದಿಯಲ್ಲಿ ಒಂದು ಕೆಂಪು ಚುಕ್ಕೆ. ನೋಡುತ್ತಿದ್ದಂತೆ ಅದು ರೂಪಾಯಿಯ ಅಗಲವಾಯಿತು. ಎಂತ ಇಲ್ಲ, ಎಂದಿತು ಬಾಯಿ. ಒಂದು ಟವೆಲು ಸುತ್ತಿದರೆ ಸಾಕು. ಅವಳು ಬರುವುದರೊಳಗೆ ನಿಲ್ಲುತ್ತದೆ. ಹಬ್ಬದ ಗಿರಾಕಿಗಳ ನಡುವೆ ಯಾಕೆ ಅವಳನ್ನು ಎಬ್ಬಿಸುವುದು?

ಕೈ ಟವೆಲಿನ ಕಡೆ ಹೋಯಿತು. ಗೋಡೆಯ ಗಡಿಯಾರದಲ್ಲಿ ಆರೂವರೆಗೆ ಎರಡು ನಿಮಿಷ ಇತ್ತು.

ವಾಸು ಟವೆಲು ಬಿಟ್ಟು ಫೋನು ತೆಗೆದುಕೊಂಡ. ಅವಳ ನಂಬರು ಒತ್ತಿದ. ಒಂದು ರಿಂಗ್. ಕಟ್ ಮಾಡಿದ. ಎಲ್ಲ ಸರಿ ಇದೆ ಎಂಬ ಆ ಒಂದು ರಿಂಗ್ ಮೂರು ಗಲ್ಲಿ ಆಚೆ ಅವಳ ಚೀಲದೊಳಗೆ ಮುಟ್ಟಿ ಆಗಿತ್ತು. ಇಲ್ಲಿಗೆ ನಿಲ್ಲಿಸಬಹುದು.

ಚುಕ್ಕೆ ಹಿಮ್ಮಡಿಯ ಕಡೆಗೆ ಹರಿಯತೊಡಗಿತು. ಅವನು ಕಣ್ಣು ಮುಚ್ಚಿಕೊಂಡು ಅದೇ ನಂಬರನ್ನು ಮತ್ತೊಮ್ಮೆ ಒತ್ತಿ, ಫೋನನ್ನು ಕಿವಿಗೆ ಹಿಡಿದ.